ಹಿತ್ತಲ ಪೇರಲ: ಹುಳಕ್ಕಿಂತ ಮೊದಲು, ಗಿಳಿಗಿಂತ ಮೊದಲು ಕೀಳುವುದು ಹೇಗೆ?

ಮಾಳಮಡ್ಡಿ ಸೊಸೆ, ಧಾರವಾಡ
ಆಗಸ್ಟ್ 11

ನಮಸ್ಕಾರ ಎಲ್ಲರಿಗೂ. ಪ್ರಶ್ನೆ ಚಿಕ್ಕದು, ಹಿಂದಿನ ಕತೆ ಸ್ವಲ್ಪ ಉದ್ದ. ಚಹಾ ಇಟ್ಟುಕೊಂಡು ಓದಿ.

ನಮ್ಮದು ಸ್ಟೇಷನ್ ಹತ್ತಿರದ ಹಳೇ ಹಂಚಿನ ಮನೆ. ಹಿತ್ತಲು ಅಂದರೆ ಇಪ್ಪತ್ತು ಅಡಿಗೆ ಹದಿನೈದು ಅಡಿ, ಅಷ್ಟೇ. ಅದರಲ್ಲೇ ಬಟ್ಟೆ ಒಗೆಯುವ ಕಲ್ಲು, ಕರಿಬೇವು, ಎರಡು ದಾಸವಾಳ, ಒಂದು ಪೇರಲ ಗಿಡ. ಗಿಡ ಹಚ್ಚಿದ್ದು ನಮ್ಮ ಅತ್ತೆ, 2003ರಲ್ಲಿ. ನವಲೂರಿಗೆ ಹೋಗಿ ಕಸಿ ಗಿಡ ಆರಿಸಿ, ಪ್ಯಾಸೆಂಜರ್ ರೈಲಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ತಂದಿದ್ದರು. ಆ ಮಡಿಲಲ್ಲಿ ಇರಬೇಕಾಗಿದ್ದ ನನ್ನ ಮಗಳು, ಆರು ತಿಂಗಳ ಕೂಸು, ದಾರಿಯುದ್ದಕ್ಕೂ ನನ್ನ ತೋಳಲ್ಲಿ ಅಳುತ್ತಿದ್ದಳು. ಅದು ನನಗೆ ಇನ್ನೂ ನೆನಪಿದೆ.

ಎರಡು ವರ್ಷದ ಹಿಂದಿನವರೆಗೂ ಗಿಡ ಅತ್ತೆಯ ಖಾತೆಯಲ್ಲಿತ್ತು. ಹಾಲು ಬರುವ ಮೊದಲೇ ಎದ್ದು, ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಮೊದಲು ಗಿಡದ ಬುಡ ಕಸಗುಡಿಸುವುದು. ಆಮೇಲೆ ಎರಡೋ ಮೂರೋ ಹಣ್ಣು ಕಿತ್ತು ತರುವುದು. ಅದಕ್ಕಿಂತ ಜಾಸ್ತಿ ಯಾವತ್ತೂ ಇಲ್ಲ. ಹೆಚ್ಚಿ, ಉಪ್ಪು ಖಾರ ಸವರಿ, ಚಹಾದ ಪಕ್ಕ ತಾಟಿನಲ್ಲಿ ಇಡುತ್ತಿದ್ದರು. ಕಚ್ಚಿದರೆ ಕರುಂ ಅನ್ನಬೇಕು, ನಡುವೆ ಬೀಜದ ಹತ್ತಿರ ಮಾತ್ರ ಮೆತ್ತಗಿರಬೇಕು. ಅಂಥ ಹಣ್ಣು. ಇಷ್ಟು ವರ್ಷದಲ್ಲಿ ನನ್ನ ತಾಟಿಗೆ ಒಂದೂ ಹುಳ ಬಂದಿಲ್ಲ. ಅದು ಹೇಗೆ ಅಂತ ನಾನು ಒಂದು ದಿನವೂ ಕೇಳಲಿಲ್ಲ. ಡಬ್ಬಿ ಕಟ್ಟಿ ಒಂಬತ್ತೂವರೆಗೆ ಶಾಲೆಯ ಆಫೀಸು ಮುಟ್ಟುವುದೇ ನನಗೆ ದೊಡ್ಡ ಕೆಲಸವಾಗಿತ್ತು.

ಈಗ ಅತ್ತೆಗೆ 83. ಮೊಣಕಾಲು ಬಗ್ಗುವುದಿಲ್ಲ, ಕಣ್ಣು ಮಂಜು. ಗಿಡ ನನ್ನ ಪಾಲಿಗೆ ಬಂದಿದೆ. ಈ ಸಲ ಎಷ್ಟು ಬಿಟ್ಟಿದೆ ಅಂದರೆ ಕೊಂಬೆ ಜೋತು ಬಿದ್ದು ಬಟ್ಟೆ ಒಣಹಾಕುವ ತಂತಿಗೆ ತಾಗುತ್ತಿದೆ. ಆದರೆ ತಿನ್ನಲು ಒಂದೂ ಇಲ್ಲ. ಕಳೆದ ರವಿವಾರ ಬುಡದಲ್ಲಿ ಬಿದ್ದದ್ದನ್ನು ಎಣಿಸಿದೆ. 41.

ಒಂದನ್ನು ಹೆಚ್ಚಿ ನೋಡಿದೆ. ಹೊರಗೆ ಬಂಗಾರದ ಬಣ್ಣ. ಒಂದು ಕಡೆ ಸೂಜಿ ಚುಚ್ಚಿದಷ್ಟು ಕಪ್ಪು ಚುಕ್ಕೆ, ಅಷ್ಟೇ. ಒಳಗೆ ಎಲ್ಲ ಕಂದು ರಾಡಿ, ಅದರಲ್ಲಿ ಬಿಳಿ ಹುಳ. ಅವು ಹರಿಯುವುದಿಲ್ಲ ರೀ, ಜಿಗಿಯುತ್ತವೆ! ಒಂದು ಹುಳ ಮೈಯನ್ನು ಉಂಗುರದ ಹಾಗೆ ಸುತ್ತಿಕೊಂಡು, ಟಪ್ ಅಂತ ತಾಟಿನಿಂದ ಕಟ್ಟೆಗೆ ಹಾರಿತು. ನಾನೂ ಹಾರಿದೆ.

ಹುಳ ಬೀಳುವ ಮೊದಲೇ ಕಿತ್ತರಾಯಿತು ಅಂತ ಹಸಿರು ಕಾಯಿಗಳನ್ನು ಕಿತ್ತು ಅಕ್ಕಿ ಡಬ್ಬಿಯಲ್ಲಿ ಇಟ್ಟೆ. ಐದನೇ ದಿನ ತೆಗೆದರೆ ಮುದುಕಿಯ ಕೆನ್ನೆಯ ಹಾಗೆ ಸುಕ್ಕುಗಟ್ಟಿದ್ದವು. ತಿಂದರೆ ಬಾಯೆಲ್ಲ ಒಗರು, ಬಳಪ ಕಡಿದ ಹಾಗೆ. ಇನ್ನೆರಡು ದಿನ ಗಿಡದಲ್ಲೇ ಬಿಡೋಣ ಅಂದರೆ ಬೆಳಿಗ್ಗೆ ಗಿಳಿ, ಮಧ್ಯಾಹ್ನ ಅಳಿಲು. ಒಂದೊಂದು ದಿನ ಮಂಗ್ಯಾನ ಹಿಂಡು.

ಕೊನೆಗೆ ಅತ್ತೆಯನ್ನೇ ಕೇಳಿದೆ.

"ಅತ್ತಿ, ಹಣ್ಣು ಯಾವಾಗ ಕೀಳಬೇಕು?"
"ವಾಸನಿ ಬರ್ತದಲ್ಲ, ಅದರ ಹಿಂದಿನ ದಿನ."
"ಹಿಂದಿನ ದಿನ ಅಂತ ಹೆಂಗ ಗೊತ್ತಾಗ್ತದ?"
"ಗೊತ್ತಾಗ್ತದ ತಗೋ."

ಇದು ನಮ್ಮ ಅತ್ತೆ. ಈಗ ನೀವೇ ಹೇಳಿ. ಈ ಹಿಂದಿನ ದಿನವನ್ನು ಕಂಡುಹಿಡಿಯುವುದು ಹೇಗೆ? ಔಷಧ ಹೊಡೆಯದೆ ಹುಳ ತಪ್ಪಿಸಲು ಆಗುತ್ತದಾ? ಮೊಮ್ಮಕ್ಕಳು ಗಿಡದಿಂದಲೇ ಕಿತ್ತು ತಿನ್ನುತ್ತವೆ, ಅದಕ್ಕೇ ಔಷಧ ಬೇಡ ಅನ್ನುತ್ತಿದ್ದೇನೆ.


ಬೆಂಗಳೂರು ಬಾಲ್ಕನಿ
ಆಗಸ್ಟ್ 11

ಮೇಡಂ, ನಿಮ್ಮ ಪ್ರಶ್ನೆ ಓದಿ ಖುಷಿ ಆಯ್ತು. ಧಾರವಾಡದಲ್ಲಿ ಪೇರ್ ಬರುತ್ತದೆ ಅಂತ ಗೊತ್ತೇ ಇರಲಿಲ್ಲ. ಅದಕ್ಕೆ ಒಳ್ಳೇ ಚಳಿ ಬೇಕಲ್ವಾ? ನಾನು ಕೂನೂರಿನಲ್ಲಿ ಆರು ವರ್ಷ ಇದ್ದೆ, ಮನೆ ಹಿಂದೆ ಎರಡು ಮರ ಇತ್ತು. ಪೇರ್ ಹಣ್ಣನ್ನು ಮರದಲ್ಲೇ ಹಣ್ಣಾಗಲು ಬಿಡಬೇಡಿ. ಅದು ಒಳಗಿನಿಂದ ಹೊರಗೆ ಹಣ್ಣಾಗುತ್ತದೆ. ಹೊರಗೆ ಮೆತ್ತಗಾಗುವ ಹೊತ್ತಿಗೆ ನಡುವೆ ಕೊಳೆತು ಕಂದಾಗಿರುತ್ತದೆ. ನೀವು ಹೇಳಿದ ಕಂದು ರಾಡಿ ಅದೇ ಇರಬೇಕು.

ಗಟ್ಟಿ ಇದ್ದಾಗಲೇ ಕೀಳಬೇಕು. ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಅಡ್ಡಕ್ಕೆ ಎತ್ತಿ. ತೊಟ್ಟು ತಾನಾಗಿ ಟಕ್ ಅಂತ ಬಿಟ್ಟರೆ ಬಲಿತಿದೆ ಅಂತ ಅರ್ಥ. ಬಿಡದಿದ್ದರೆ ಇನ್ನೊಂದು ವಾರ. ಕಿತ್ತ ಮೇಲೆ ಕೆಲವು ದಿನ ಫ್ರಿಜ್‌ನಲ್ಲಿಟ್ಟು, ಆಮೇಲೆ ಹೊರಗಿಡಿ. ತೊಟ್ಟಿನ ಪಕ್ಕದ ಕುತ್ತಿಗೆ ಒತ್ತಿ ನೋಡಿ, ಅಲ್ಲಿ ಮಣಿದರೆ ತಿನ್ನಬಹುದು.


ನವಲೂರ ತ್ವಾಟ
ಆಗಸ್ಟ್ 11

ಸರ್, ನಗಬೇಡ ಅಂದ್ರೂ ನಗು ಬಂತು. ಅಕ್ಕಾರು ಹೇಳುತ್ತಿರುವುದು ಪೇರ್ ಅಲ್ಲ, ಪೇರಲ. ನಿಮ್ಮ ಕಡೆಯ ಸೀಬೆಕಾಯಿ. ನಿಮ್ಮದು ಬೇರಿಕಾಯಿ.

ಅಕ್ಕಾರ, ನಿಮಗೆ ನಾಳೆ ಕೂತು ಬರೆಯುತ್ತೇನೆ. ಈಗ ಮಾವಿನ ಗಿಡದ ಕೆಲಸ ನಡೆದಿದೆ. ಒಂದೇ ಮಾತು ಹೇಳ್ರಿ: ಆ 41 ಹಣ್ಣು ಏನು ಮಾಡಿದ್ರಿ?


ಮಾಳಮಡ್ಡಿ ಸೊಸೆ, ಧಾರವಾಡ
ಆಗಸ್ಟ್ 11

ಬೇರಿಕಾಯಿ ಸರ್‌ಗೂ ಧನ್ಯವಾದ, ಅಡ್ಡಕ್ಕೆ ಎತ್ತುವ ಪರೀಕ್ಷೆ ಮಾಡಿ ನೋಡುತ್ತೇನೆ.

41 ಹಣ್ಣು ಎಲ್ಲಿಗೆ ಹೋಗುತ್ತವೆ, ಗಿಡದ ಬುಡದಲ್ಲೇ ಒಂದು ಗೊಬ್ಬರದ ಗುಂಡಿ ಮಾಡಿದ್ದೇನೆ, ಅದರಲ್ಲಿ ಹಾಕಿದೆ. ಹೋದ ವರ್ಷದಿಂದ ಅಡುಗೆಮನೆಯ ಕಸವೂ ಅಲ್ಲಿಗೇ. ಒಂದೂ ಹೊರಗೆ ಚೆಲ್ಲುವುದಿಲ್ಲ.


ನವಲೂರ ತ್ವಾಟ
ಆಗಸ್ಟ್ 12

ಸಿಕ್ಕಿತು ನೋಡ್ರಿ ಹುಳದ ಕಾರ್ಖಾನೆ. ಬೇಜಾರು ಮಾಡಿಕೊಳ್ಳಬೇಡ್ರಿ, ಗುಂಡಿ ತೋಡಿದ್ದು ಒಳ್ಳೇ ಮನಸ್ಸಿನಿಂದಲೇ. ಜಾಗ ಮಾತ್ರ ತಪ್ಪು.

ಇದು ಹಣ್ಣಿನ ನೊಣದ ಕೆಲಸ. ಮನೆ ನೊಣಕ್ಕಿಂತ ಸ್ವಲ್ಪ ತೆಳ್ಳಗೆ, ಕಂದು ಬಣ್ಣ, ಬೆನ್ನ ಮೇಲೆ ಹಳದಿ ಗೆರೆ. ಕಾಯಿ ಗಾಢ ಹಸಿರು ಬಿಟ್ಟು ತಿಳಿ ಹಸಿರಿಗೆ ತಿರುಗುವ ಹೊತ್ತಿಗೆ ಹೆಣ್ಣು ನೊಣ ಬಂದು, ಸಿಪ್ಪೆ ಚುಚ್ಚಿ ಒಳಗೆ ತತ್ತಿ ಇಡುತ್ತದೆ. ನೀವು ಕಂಡ ಸೂಜಿ ಚುಕ್ಕೆ ಅದೇ. ತತ್ತಿ ಒಡೆದು ಹುಳ ಆಗಿ ತಿರುಳು ತಿನ್ನುತ್ತದೆ. ಹಣ್ಣು ಬಿದ್ದ ಮೇಲೆ ಹುಳ ಹೊರಗೆ ಬಂದು ಜಿಗಿಯುತ್ತಾ ಮಣ್ಣಿಗೆ ಸೇರುತ್ತದೆ. ಒಂದೆರಡು ಇಂಚು ಕೆಳಗೆ ಕೋಶ ಕಟ್ಟಿಕೊಂಡು, ಸುಮಾರು ಹತ್ತು ದಿನದಲ್ಲಿ ಹೊಸ ನೊಣವಾಗಿ ಮೇಲೆ ಬರುತ್ತದೆ. ಬಂದು ನೋಡಿದರೆ ತಲೆ ಮೇಲೆಯೇ ಹಣ್ಣು! ನೀವು ಬಾಣಂತಿ ಕೋಣೆಯನ್ನೂ ಊಟದ ಮನೆಯನ್ನೂ ಒಂದೇ ಕಡೆ ಕಟ್ಟಿಕೊಟ್ಟಿದ್ದೀರಿ.

ನಿಮ್ಮ ಅತ್ತಿಯವರು ಬೆಳಿಗ್ಗೆ ಮೊದಲು ಬುಡ ಗುಡಿಸುತ್ತಿದ್ದರು ಅಂದಿರಲ್ಲ, ಗುಟ್ಟು ಅಲ್ಲೇ ಇದೆ. ಬಿದ್ದದ್ದನ್ನು ಅವರು ಏನು ಮಾಡುತ್ತಿದ್ದರು ಕೇಳ್ರಿ. ಎಮ್ಮೆಗೋ ಆಕಳಿಗೋ ಹೋಗುತ್ತಿರಬೇಕು.

ಈಗ ಮಾಡಬೇಕಾದ್ದು ಹೇಳುತ್ತೇನೆ. ಬಿದ್ದ ಹಣ್ಣು ದಿನಾ ಆರಿಸಬೇಕು, ದಿನಾ ಅಂದರೆ ದಿನಾ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು ಬಿಸಿಲಿಗೆ ಇಟ್ಟುಬಿಡಿ, ಒಳಗೇ ಬೆಂದು ಸಾಯುತ್ತವೆ. ಬಿಸಿಲು ಇಲ್ಲದ ದಿನ ಎರಡು ಅಡಿ ಆಳ ತೋಡಿ ಹುಗಿಯಿರಿ. ಗೊಬ್ಬರದ ಗುಂಡಿ ಬೇರೆ ಕಡೆ ಒಯ್ಯಿರಿ. ಬುಡದ ಮಣ್ಣನ್ನು ಕುರ್ಚಿಗೆಯಿಂದ ಮೇಲೆ ಮೇಲೆ ಕೆದರಿ, ಕೋಶ ಹೊರಬಿದ್ದರೆ ಇರುವೆ, ಗೊರವಂಕ ನೋಡಿಕೊಳ್ಳುತ್ತವೆ. ಆಳಕ್ಕೆ ಕೆದರಬೇಡ್ರಿ, ಪೇರಲದ ಬೇರು ಮೇಲೇ ಇರುತ್ತವೆ.

ಮೋಹಕ ಬಲೆ ಅಂತ ಸಿಗುತ್ತದೆ, ನೊಣವನ್ನು ವಾಸನೆಯಿಂದ ಸೆಳೆಯುವ ಮಿಥೈಲ್ ಯುಜಿನಾಲ್ ಹಾಕಿದ್ದು. ಮುಂದಿನ ತಿಂಗಳು ಕೃಷಿ ವಿಶ್ವವಿದ್ಯಾಲಯದ ಮೇಳ ಬರುತ್ತದಲ್ಲ, ಅಲ್ಲಿ ಕೇಳ್ರಿ. ಒಂದು ಗಿಡಕ್ಕೆ ಒಂದು ಸಾಕು. ಆದರೆ ಅದಕ್ಕೆ ಬೀಳುವುದು ಗಂಡು ನೊಣ ಮಾತ್ರ. ಚುಚ್ಚುವುದು ಹೆಣ್ಣು. ಬಲೆ ಕಟ್ಟಿದೆ, ಇನ್ನು ನಿಶ್ಚಿಂತೆ ಅಂತ ಕೂತರೆ ಆಗುವುದಿಲ್ಲ.

ಇನ್ನೊಂದು ಮಾತು. ಮಳೆಗಾಲದ ಈ ಬೆಳೆಗೆ ಜೀವ ತೇಯಬೇಡ್ರಿ. ಪೇರಲ ನಮ್ಮ ಕಡೆ ವರ್ಷಕ್ಕೆ ಎರಡು ಮೂರು ಸಲ ಹೂ ಬಿಡುತ್ತದೆ. ಫೆಬ್ರುವರಿ, ಮಾರ್ಚ್ ಹೂವಿನದು ಈಗ ಬರುತ್ತಿರುವ ಹಣ್ಣು: ನೀರು ಜಾಸ್ತಿ, ರುಚಿ ಕಡಿಮೆ, ನೊಣ ಬೇರೆ. ಜೂನ್ ತಿಂಗಳ ಮಿರಗದ (ಮೃಗಶಿರಾ) ಮಳೆಗೆ ಬಿಟ್ಟ ಹೂವು ನವೆಂಬರ್‌ನಿಂದ ಜನವರಿವರೆಗೆ ಹಣ್ಣಾಗುತ್ತದೆ. ಚಳಿಗೆ ನಿಧಾನ ಬಲಿಯುತ್ತದೆ, ಸಕ್ಕರೆ ಹಿಡಿಯುತ್ತದೆ, ನೊಣವೂ ಇಳಿದಿರುತ್ತದೆ. ನಮ್ಮೂರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಎಲೆ ಹಾಸಿ ಮಾರಲು ಒಯ್ಯುವ ಹಣ್ಣು ಅದು. ಗಿಡದಲ್ಲಿ ಈಗ ಗೋಲಿ ಗಾತ್ರದ ಹೀಚು ಇದೆಯಾ ನೋಡ್ರಿ. ಇದ್ದರೆ ನಿಮ್ಮ ಲಕ್ಷ್ಯ ಅದರ ಮೇಲಿರಲಿ. ನಿಂಬೆಹಣ್ಣಿನಷ್ಟು ಆದಾಗ ಒಂದೊಂದಕ್ಕೂ ಚೀಲ ಕಟ್ಟಿ. ಬಣ್ಣ ತಿರುಗಿದ ಮೇಲೆ ಕಟ್ಟಿದರೆ ಕಳ್ಳನನ್ನು ಒಳಗೆ ಬಿಟ್ಟು ಬಾಗಿಲು ಹಾಕಿದ ಹಾಗೆ.

ಕೀಳುವಾಗ ಕೈಯಿಂದ ಜಗ್ಗಬೇಡ್ರಿ. ಕತ್ತರಿಯಿಂದ ತೊಟ್ಟು, ಒಂದೆರಡು ಎಲೆ ಸಮೇತ ಕತ್ತರಿಸಬೇಕು. ಹಣ್ಣು ಎರಡು ದಿನ ಜಾಸ್ತಿ ಬಾಳುತ್ತದೆ. ನೀವು ಅಕ್ಕಿ ಡಬ್ಬಿಯಲ್ಲಿ ಇಟ್ಟದ್ದು ಬಲಿಯದ ಕಾಯಿ. ಬಲಿತ ದೋರಗಾಯಿ ಆದರೆ ಡಬ್ಬಿ ಬೇಡ, ಬುಟ್ಟಿಯಲ್ಲಿ ಇಟ್ಟರೂ ಎರಡು ಮೂರು ದಿನಕ್ಕೆ ಹಣ್ಣಾಗುತ್ತದೆ. ಬಲಿಯದ್ದನ್ನು ಬಂಗಾರದ ಡಬ್ಬಿಯಲ್ಲಿ ಇಟ್ಟರೂ ಅಷ್ಟೇ.

"ವಾಸನೆಯ ಹಿಂದಿನ ದಿನ" ಅನ್ನುವುದಕ್ಕೆ ನಮ್ಮ ಅಪ್ಪ ಬಣ್ಣ ನೋಡುತ್ತಿದ್ದ. ಎಲೆಯ ಬಣ್ಣ, ಕಾಯಿಯ ಬಣ್ಣ ಬೇರೆ ಬೇರೆ ಆದ ದಿನ ಕೀಳು ಅನ್ನುತ್ತಿದ್ದ. ನಾವು ಅವಾಗ ಮೂರು ಎಕರೆ ಪೇರಲ ಮಾಡುತ್ತಿದ್ದೆವು. ಈಗ ಮುಕ್ಕಾಲು ಎಕರೆ ಉಳಿದಿದೆ. ಅರ್ಧ ಸೊರಗು ರೋಗಕ್ಕೆ ಹೋಯಿತು, ಅರ್ಧ ಪ್ಲಾಟ್ ಆಯಿತು. ಅದು ಬೇರೆ ಕತೆ, ಇರಲಿ.


ಗದಗಿನ ಮಾಸ್ತರ
ಆಗಸ್ಟ್ 12

ಬೆಂಗಳೂರಿನವರನ್ನು ನಗಬೇಡಿ. ಅವರು ತಪ್ಪಿದ್ದರಲ್ಲೂ ಅರ್ಧ ನಿಜ ಇದೆ. ಪೇರಲ ಅಮೆರಿಕ ಖಂಡದ ಹಣ್ಣು, ಇಲ್ಲಿಗೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. ಪೋರ್ಚುಗೀಸ್ ಭಾಷೆಯಲ್ಲಿ ಬೇರಿಕಾಯಿಗೆ ಪೆರಾ ಅನ್ನುತ್ತಾರೆ. ಆ ಹೆಸರೇ ಈ ಹಣ್ಣಿಗೆ ಅಂಟಿಕೊಂಡು ಮರಾಠಿಯಲ್ಲಿ ಪೇರು, ನಮ್ಮಲ್ಲಿ ಪೇರಲ ಆಯಿತು. ಮೈಸೂರು ಕಡೆಯವರು ಸೀಬೆ, ಚೇಪೆ ಅನ್ನುವುದರಿಂದ ಅವರಿಗೆ ಈ ಗೊಂದಲ ಇಲ್ಲ. ನಾವು ಮಾತ್ರ ನಾನೂರು ವರ್ಷದಿಂದ ಸೀಬೆಯನ್ನು ಬೇರಿಕಾಯಿ ಹೆಸರಿನಲ್ಲಿ ತಿನ್ನುತ್ತಿದ್ದೇವೆ.

ನಿಮ್ಮ ಹಣ್ಣಿನ ಮೈ ಹೇಗಿದೆ ಹೇಳಿ. ಉಬ್ಬು ತಗ್ಗು ಇದ್ದು ಹಳದಿಗೆ ತಿರುಗಿದರೆ ಸರ್ದಾರ್ ತಳಿ ಇರಬಹುದು, ಲಖನೌ-49 ಅಂತಲೂ ಕರೆಯುತ್ತಾರೆ. ಹೆಸರು ಲಖನೌ ಆದರೂ ಹುಟ್ಟಿದ್ದು ಪುಣೆಯ ಗಣೇಶಖಿಂಡದಲ್ಲಿ, 1927ರಲ್ಲಿ. ನುಣುಪಾಗಿ ದುಂಡಗಿದ್ದರೆ ಅಲಹಾಬಾದ್ ಸಫೇದಾ. ಒಳಗೆ ಕೆಂಪಿದ್ದರೆ ಮಾತು ಬೇರೆ.

ಮಕ್ಕಳಿಗೆ ಹೇಳಿ: 100 ಗ್ರಾಂ ಪೇರಲದಲ್ಲಿ ಸಿ ಜೀವಸತ್ವ 200 ಮಿಲಿಗ್ರಾಂ ಮೇಲಿದೆ, ಕಿತ್ತಳೆಯಲ್ಲಿ ಸುಮಾರು 50. ಹಿತ್ತಲಲ್ಲಿ ಇದನ್ನು ಇಟ್ಟುಕೊಂಡು ಪೇಟೆಯಲ್ಲಿ ದುಡ್ಡು ಕೊಟ್ಟು ಅದನ್ನು ತರುತ್ತೇವೆ.


ಮಾಳಮಡ್ಡಿ ಸೊಸೆ, ಧಾರವಾಡ
ಆಗಸ್ಟ್ 13

ಅತ್ತೆಯನ್ನು ಕೇಳಿದೆ. ಬಿದ್ದ ಹಣ್ಣು ಪೂರ್ತಿ ಹಾಲಿನವನ ಎಮ್ಮೆಗೆ ಹೋಗುತ್ತಿತ್ತಂತೆ! ದಿನಾ ಒಂದು ಬೋಗಣಿ. "ಅದಕ್ಕs ಅಂವಾ ಹಾಲಿಗೆ ನೀರು ಕಡಿಮಿ ಹಾಕ್ತಿದ್ದ" ಅಂದರು. ನನಗೆ ಇಷ್ಟು ವರ್ಷ ಇದು ಗೊತ್ತೇ ಇಲ್ಲ. ಎರಡು ವರ್ಷದ ಹಿಂದೆ ಪ್ಯಾಕೆಟ್ ಹಾಲು ಶುರು ಮಾಡಿದವಳೂ ನಾನೇ, ಗುಂಡಿ ತೋಡಿದವಳೂ ನಾನೇ.

ಗುಂಡಿ ಇವತ್ತೇ ತೆಗೆದೆ. ಮಣ್ಣಿನಲ್ಲಿ ಕಂದು ಬಣ್ಣದ ಕೋಶಗಳು, ಗೋಧಿ ಕಾಳಿನ ಹಾಗೆ. ಎಷ್ಟಿದ್ದವು ಕೇಳಬೇಡಿ.

ಮಾಸ್ತರ, ಮೈ ಉಬ್ಬು ತಗ್ಗು ಇದೆ. ಒಳಗೆ ಬಿಳಿ.


ಕೇಶ್ವಾಪುರ ಕಾಕಾ, ಹುಬ್ಬಳ್ಳಿ
ಆಗಸ್ಟ್ 14

ತಂಗೆವ್ವಾ, ಎಲ್ಲರೂ ನೊಣದ ಬಗ್ಗೆಯೇ ಹೇಳುತ್ತಿದ್ದಾರೆ. ಈಗ ಗಿಡದ ಮೇಲಿರುವ ದೋರಗಾಯಿ ಏನು ಮಾಡುತ್ತೀರಿ? ನಾನು ರೈಲ್ವೆಯಿಂದ ನಿವೃತ್ತಿ ಆದ ಮೇಲೆ ಜೆಲ್ಲಿ ಮಾಡುವುದು ಕಲಿತೆ. ಮನೆಯವಳು ಮೊದಲು ನಕ್ಕಳು, ಈಗ ಬೀಗರಿಗೆ ಬಾಟಲಿ ಕಟ್ಟಿ ಕಳಿಸುತ್ತಾಳೆ.

ಒಂದು ಕಿಲೋ ಕಾಯಿ. ಮುಕ್ಕಾಲು ಪಾಲು ದೋರಗಾಯಿ, ಕಾಲು ಪಾಲು ಹಣ್ಣು. ಜೆಲ್ಲಿ ಕಟ್ಟಿಸುವ ಪೆಕ್ಟಿನ್ ದೋರಗಾಯಲ್ಲಿ ಜಾಸ್ತಿ, ವಾಸನೆ ಹಣ್ಣಲ್ಲಿ ಜಾಸ್ತಿ. ಎರಡೂ ಬೇಕು. ಚುಕ್ಕೆ ಇದ್ದ ಭಾಗ ಕೊರೆದು ಬಿಸಾಕಿ, ಉಳಿದದ್ದನ್ನು ಸಿಪ್ಪೆ ಬೀಜ ಸಮೇತ ತೆಳ್ಳಗೆ ಹೆಚ್ಚಿ. ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಅರ್ಧ ತಾಸು ಬೇಯಿಸಿ. ಸೌಟಿನಿಂದ ಅರೆಯಬೇಡಿ. ತೆಳು ಬಟ್ಟೆಯಲ್ಲಿ ಕಟ್ಟಿ, ನಲ್ಲಿಗೆ ನೇತುಹಾಕಿ, ಕೆಳಗೆ ಪಾತ್ರೆ ಇಟ್ಟು ಮಲಗಿಬಿಡಿ. ರಾತ್ರಿಯೆಲ್ಲ ತಾನೇ ಹನಿಯಲಿ. ಬೆಳಿಗ್ಗೆ ಗಂಟು ನೋಡಿದರೆ ಹಿಂಡಬೇಕು ಅಂತ ಕೈ ತುರಿಸುತ್ತದೆ. ಹಿಂಡಬೇಡಿ! ಹಿಂಡಿದರೆ ಜೆಲ್ಲಿ ಮಬ್ಬಾಗುತ್ತದೆ. ನಾನು ಮೊದಲ ಮೂರು ಸಲ ಹಿಂಡಿದೆ.

ರಸ ಒಂದು ಬಟ್ಟಲಿಗೆ ಸಕ್ಕರೆ ಮುಕ್ಕಾಲು ಬಟ್ಟಲು, ಒಂದು ಲಿಂಬೆಹಣ್ಣಿನ ರಸ. ಅಗಲ ಪಾತ್ರೆ, ಜೋರು ಉರಿ. ಮೊದಲು ಕಲಗಚ್ಚಿನ ಹಾಗೆ ಕಾಣುತ್ತದೆ, ಹೆದರಬೇಡಿ. ಕುದಿಯುತ್ತಾ ಕುದಿಯುತ್ತಾ ಜೇನಿನ ಬಣ್ಣಕ್ಕೆ, ಆಮೇಲೆ ಕೆಂಪು ಕಲ್ಲಿನ ಬಣ್ಣಕ್ಕೆ ಬರುತ್ತದೆ. ಚಮಚೆಯಲ್ಲಿ ತೆಗೆದು ಓರೆ ಮಾಡಿ. ಹನಿ ಹನಿಯಾಗಿ ಬಿದ್ದರೆ ಇನ್ನೂ ಇದೆ. ಎರಡು ಹನಿ ಕೂಡಿ ಒಂದೇ ಹಾಳೆಯ ಹಾಗೆ ಜಾರಿದರೆ ತಕ್ಷಣ ಇಳಿಸಿ. ಎರಡು ನಿಮಿಷ ಜಾಸ್ತಿ ಆದರೆ ಚಿಕ್ಕಿ ಆಗುತ್ತದೆ, ಬಾಟಲಿ ಒಡೆದೇ ತೆಗೆಯಬೇಕು.

ಬಿಸಿ ಚಪಾತಿ, ತುಪ್ಪ, ಮೇಲೆ ಇದು. ಸಾಕು.


ಹಾವೇರಿ ಎರಿಹೊಲ
ಆಗಸ್ಟ್ 14

ಅಕ್ಕ, ನಮ್ಮ ಮನೆಯ ಪೇರಲ ಹೋದ ವರ್ಷ ಒಂದೇ ತಿಂಗಳಲ್ಲಿ ಒಣಗಿ ನಿಂತಿತು. ಎಲೆ ಹಳದಿ ಆಯಿತು, ತುದಿ ಒಣಗಿತು, ಆಮೇಲೆ ಇಡೀ ಗಿಡ. ನಮ್ಮದು ಎರಿ ಮಣ್ಣು, ಬಚ್ಚಲ ನೀರು ಅಲ್ಲಿಗೇ ಬಿಟ್ಟಿದ್ದೆವು. ನೀರು ನಿಂತು ಬೇರಿಗೆ ಸೊರಗು ಹತ್ತಿತು ಅಂದರು. ನಿಮ್ಮ ಬಟ್ಟೆ ಒಗೆಯುವ ಕಲ್ಲಿನ ನೀರು ಎತ್ತ ಹೋಗುತ್ತದೆ ನೋಡಿಕೊಳ್ಳಿ.

ಮತ್ತೆ ಉಪ್ಪು ಖಾರ ಅಂದಿರಿ. ಬ್ಯಾಡಗಿ ಖಾರ ಹಾಕಿ, ಬೇರೆ ಯಾವುದೂ ಬೇಡ. ಬಣ್ಣ ಇರುತ್ತದೆ, ನಾಲಿಗೆ ಸುಡುವುದಿಲ್ಲ. ಹಣ್ಣಿನ ರುಚಿಯೂ ಗೊತ್ತಾಗಬೇಕಲ್ವಾ.


ಮಾಳಮಡ್ಡಿ ಸೊಸೆ, ಧಾರವಾಡ
ಡಿಸೆಂಬರ್ 21

ನಾಲ್ಕು ತಿಂಗಳಾಯಿತು, ಮರೆತಿಲ್ಲ. ಎಲ್ಲರಿಗೂ ಲೆಕ್ಕ ಕೊಡಬೇಕು.

ಆಗಸ್ಟ್ ಬೆಳೆ ಹೋದದ್ದು ಹೋಯಿತು. ದಿನಾ ಆರಿಸಿದೆ, ಚೀಲ ಕಟ್ಟಿ ತಗಡಿನ ಮೇಲೆ ಬಿಸಿಲಿಗೆ ಇಟ್ಟೆ. ಮಳೆ ಹಿಡಿದ ದಿನ ಹುಗಿದೆ. ಮೇಳದಲ್ಲಿ ಬಲೆ ತಂದು ಕಟ್ಟಿದೆ. ಒಂದು ವಾರದಲ್ಲಿ ಡಬ್ಬಿಯ ತಳ ಕಾಣದಷ್ಟು ನೊಣ. ಪಕ್ಕದ ಮನೆಯವರ ಕಾಂಪೌಂಡಿನವೂ ನಮ್ಮಲ್ಲಿಗೇ ಬಂದವೇನೋ.

ಸೆಪ್ಟೆಂಬರ್ ಕೊನೆಗೆ ಹೀಚು ನಿಂಬೆಹಣ್ಣಿನಷ್ಟಾದವು. ಅಂಗಡಿಯ ಚೀಲ ತರುವ ಬದಲು ಅತ್ತೆಯ ಎರಡು ಹಳೇ ನೂಲಿನ ಸೀರೆ ಕತ್ತರಿಸಿದೆ. ಒಂದಕ್ಕೆ ಅಂಗೈಯಗಲ, ಬಾಯಿಗೆ ನಾಡಿ ಪೋಣಿಸಿ 60 ಚೀಲ ಹೊಲಿದೆ. ಒಂದು ಸೀರೆ ನೇರಳೆ ಬಣ್ಣ, ಇನ್ನೊಂದು ಹಸಿರು ಚೌಕಡಿ. ಗಿಡ ದೂರದಿಂದ ಯಾರೋ ಹರಕೆ ಕಟ್ಟಿದ ಹಾಗೆ ಕಾಣುತ್ತಿತ್ತು. ಪೋಸ್ಟಿನವನು ನಿಂತು ಯಾವ ದೇವರು ಅಂತ ಕೇಳಿದ.

ಲೆಕ್ಕ ಇಲ್ಲಿದೆ. ನಾಲ್ಕು ಸಣ್ಣದಿದ್ದಾಗಲೇ ಉದುರಿದವು. ಐದನ್ನು ಅಳಿಲು ಬಟ್ಟೆ ಹರಿದು ತಿಂದಿತು, ಎಲ್ಲವೂ ನೇರಳೆ ಸೀರೆಯವು, ಅದು ಜೀರ್ಣವಾಗಿತ್ತು. ಒಂದರಲ್ಲಿ ಮಾತ್ರ ಹುಳ. ಅದನ್ನು ನಾನು ತಡವಾಗಿ ಕಟ್ಟಿದ್ದೆ, ಕಳ್ಳ ಒಳಗೇ ಇದ್ದ. ಉಳಿದ 50 ನಮ್ಮವು. ಇವತ್ತಿಗೆ 31 ಕಿತ್ತಿದ್ದೇನೆ.

ಆದರೆ ಒಂದು ತೊಡಕು ಬಂತು. ನವಲೂರ ಅಣ್ಣ ಬಣ್ಣ ನೋಡು ಅಂದಿದ್ದರು. ಚೀಲದೊಳಗೆ ಬಿಸಿಲು ಬೀಳದೆ ಕಾಯಿ ಮೊದಲೇ ಬಿಳಿಚಿಕೊಂಡಿರುತ್ತದೆ. ಕಲ್ಲಿನಂತಿರುವ ಕಾಯಿಯೂ ತಿಳಿ ಹಸಿರು, ಹಣ್ಣೂ ತಿಳಿ ಹಸಿರು. ಬೇರಿಕಾಯಿ ಸರ್ ಹೇಳಿದ ಹಾಗೆ ಒಂದನ್ನು ಅಡ್ಡಕ್ಕೆ ಎತ್ತಿದೆ. ಟಕ್ ಅನ್ನಲಿಲ್ಲ, ತೊಗಟೆ ಸಮೇತ ಕಿತ್ತು ಬಂತು. ಸಾರಿ ಸರ್.

ಅವತ್ತು ಅತ್ತೆ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯುತ್ತಿದ್ದರು. "ನನ್ನ ಅಲ್ಲಿಗೆ ಕರಕೊಂಡ ನಡಿ" ಅಂದರು. ನನ್ನ ಭುಜ ಹಿಡಿದು ಬಂದು ಗಿಡದ ಕೆಳಗೆ ನಿಂತರು. ನಾನು ಕೊಂಬೆ ಬಗ್ಗಿಸಿ ಕೈಗೆ ಕೊಟ್ಟೆ. ಚೀಲ ಬಿಚ್ಚಲಿಲ್ಲ. ಬಟ್ಟೆಯ ಮೇಲಿಂದಲೇ ಹಣ್ಣನ್ನು ಅಂಗೈಯಲ್ಲಿ ತೂಗಿ, ಹೆಬ್ಬೆರಳನ್ನು ಹೂವಿನ ತುದಿಯ ಹತ್ತಿರ ಒತ್ತಿದರು. ತೊಟ್ಟಿನ ಕಡೆ ಅಲ್ಲ, ಕೆಳಗಿನ ತುದಿ. "ಇದು ನಾಡಿದ್ದು." ಇನ್ನೊಂದು ಕೊಂಬೆ. "ಇದಕ್ಕ ಇನ್ನೂ ಎಂಟು ದಿನ." ಮೂರನೇದು ಒತ್ತಿ ಸುಮ್ಮನಾದರು, ಮತ್ತೆ ಒತ್ತಿದರು. "ಇದು ಇವತ್ತು. ಕತ್ತರಿ ಕೊಡು."

ಮೂಸಿ ನೋಡಿದೆ, ವಾಸನೆ ಇರಲಿಲ್ಲ. ಕತ್ತರಿಸಿ ಅಡುಗೆಮನೆಯ ಕಟ್ಟೆ ಮೇಲೆ ಇಟ್ಟೆ. ಮರುದಿನ ಬೆಳಿಗ್ಗೆ ಎದ್ದರೆ ಪಡಸಾಲೆವರೆಗೆ ಘಮ್ ಅಂತಿತ್ತು.

ಅವತ್ತಿನಿಂದ ದಿನಾ ಬೆಳಿಗ್ಗೆ ನಾವಿಬ್ಬರೂ ಹೋಗುತ್ತೇವೆ. ನಾನು ಮೊದಲು ಒತ್ತಿ ಹೇಳಬೇಕು, ಆಮೇಲೆ ಅವರು. ಮೊದಲ ವಾರ ನನ್ನದು ಎಲ್ಲಾ ತಪ್ಪು. ಈಗ ಮೂರಕ್ಕೆ ಎರಡು ಸರಿ ಬರುತ್ತಿವೆ. ಏನು ಗೊತ್ತಾಗುತ್ತದೆ ಅಂತ ಬರೆಯಲು ಕೂತರೆ ಕಷ್ಟ. ಕಲ್ಲಿನ ಹಾಗಿದ್ದರೆ ಬೇಡ. ಬೆರಳು ಇಳಿದರೆ ತಡವಾಯಿತು. ಬೆರಳು ಇಳಿಯುವುದಿಲ್ಲ, ಆದರೆ ಒಳಗೆ ಏನೋ ಸಡಿಲ ಆಗಿದೆ ಅನ್ನಿಸುತ್ತದೆ, ಆ ದಿನ. ಇಷ್ಟೇ ನನಗೆ ಹೇಳಲು ಬರುವುದು. ಅತ್ತೆ "ಗೊತ್ತಾಗ್ತದ ತಗೋ" ಅಂದದ್ದಕ್ಕೆ ನಾನು ಸುಮ್ನೆ ಸಿಟ್ಟು ಮಾಡಿಕೊಂಡಿದ್ದೆ.

ಕಾಕಾ, ಜೆಲ್ಲಿ ಮೊದಲನೇ ಸಲ ಪಾಕವಾಗಿಯೇ ಉಳಿಯಿತು, ಬೇಗ ಇಳಿಸಿದ್ದೆ. ಎರಡನೇ ಸಲ ಕೂತಿತು. ಗಂಟು ಹಿಂಡಲಿಲ್ಲ, ಆಣೆ. ಅತ್ತೆಗೆ ಮಾತ್ರ ಅದು ಸೇರಲಿಲ್ಲ, "ಸಕ್ಕರಿ ಬ್ಯಾನಿ" ಅಂದರು. ಅವರಿಗೆ ತಮ್ಮದೇ ಕೋಸಂಬರಿ ಬೇಕು: ದೋರಗಾಯಿ ಸಣ್ಣಗೆ ಹೆಚ್ಚಿ, ನಡುವಿನ ಬೀಜ ತೆಗೆದು, ಗಟ್ಟಿ ಮೊಸರು, ಉಪ್ಪು, ಚಿಟಿಕೆ ಸಕ್ಕರೆ, ಮೇಲೆ ಸಾಸಿವೆ ಇಂಗು ಹಸಿಮೆಣಸಿನಕಾಯಿ ಒಗ್ಗರಣೆ. ರೊಟ್ಟಿಯ ಜೊತೆ ಒಂದು ಬಟ್ಟಲು ಖಾಲಿ.

ಹಾವೇರಿಯವರೆ, ಬ್ಯಾಡಗಿ ಖಾರ ತಂದೆ. ಒಗೆಯುವ ಕಲ್ಲಿನ ನೀರನ್ನು ದಾಸವಾಳದ ಕಡೆ ತಿರುಗಿಸಿದ್ದೇನೆ.


ನವಲೂರ ತ್ವಾಟ
ಡಿಸೆಂಬರ್ 21

ಅಕ್ಕಾರ, 60ಕ್ಕೆ 50 ಅಂದರೆ ನಮಗಿಂತ ಚಲೋ. ಚೀಲಗಳನ್ನು ಬಿಸಿನೀರಿಗೆ ಹಾಕಿ ಒಗೆದು ಇಟ್ಟುಕೊಳ್ಳಿ. ನೇರಳೆ ಸೀರೆ ಬಿಡ್ರಿ.

ಫೆಬ್ರುವರಿ ನಡುವಿನಿಂದ ಮೇ ನಡುವಿನವರೆಗೆ ಗಿಡಕ್ಕೆ ನೀರು ಬಂದ್. ಎಲೆ ಉದುರುತ್ತವೆ, ಮನಸ್ಸು ಕರಗಿ ಒಂದು ಕೊಡ ಹಾಕಬೇಡ್ರಿ. ಬೇಸಿಗೆಯಲ್ಲಿ ಬಂದ ಹೂವು ಕಿತ್ತು ಹಾಕಿ. ಮೇ ತಿಂಗಳಲ್ಲಿ ಕೊಂಬೆಗಳ ತುದಿ ಒಂದೊಂದು ಅಡಿ ಕತ್ತರಿಸಿ, ಹೊಸ ಚಿಗುರಿನಲ್ಲೇ ಹೂ ಬರುವುದು. ಆಮೇಲೆ ಗೊಬ್ಬರ ಹಾಕಿ ನೀರು ಬಿಡ್ರಿ. ಮಿರಗ ಕೂಡುವ ಹೊತ್ತಿಗೆ ಗಿಡ ತಯಾರಿರಬೇಕು. ಹಿಂಗೆ ಮಾಡಿದರೆ ಆಗಸ್ಟ್‌ನಲ್ಲಿ ನೊಣಕ್ಕೆ ಹಣ್ಣೇ ಇರುವುದಿಲ್ಲ.


ಬೆಂಗಳೂರು ಬಾಲ್ಕನಿ
ಡಿಸೆಂಬರ್ 22

ನನ್ನ ಪರೀಕ್ಷೆಯಿಂದ ತೊಗಟೆ ಕಿತ್ತು ಬಂದದ್ದಕ್ಕೆ ಕ್ಷಮೆ ಇರಲಿ ಮೇಡಂ. ಒಂದು ಕೇಳಲಾ? ಸೀಬೆ ಗಿಡ ಡ್ರಮ್ಮಿನಲ್ಲಿ ಬರುತ್ತದಾ? ನನಗಿರುವುದು ನಾಲ್ಕನೇ ಮಹಡಿಯಲ್ಲಿ ಎಂಟಡಿ ಬಾಲ್ಕನಿ.


ನವಲೂರ ತ್ವಾಟ
ಡಿಸೆಂಬರ್ 22

ಬರುತ್ತದೆ ಸರ್, ಬಿಸಿಲು ಇದ್ದರೆ. ಕಸಿ ಗಿಡ ತಗೊಳ್ರಿ, ಬೀಜದ್ದು ಬೇಡ. ನವಲೂರಿಗೆ ಬಂದರೆ ನಾನೇ ಆರಿಸಿ ಕೊಡುತ್ತೇನೆ. ರೈಲಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಹೋಗಬೇಕು, ಅದು ನಿಮ್ಮ ಜವಾಬ್ದಾರಿ.